ಸಾವಂತ್ರವ್ವನ ತೂಕ

ತಿಳವಳ್ಳಿಯ ಹೊಳಬಸಪ್ಪ ಹಗಲು ಹೊತ್ತಿನಲ್ಲಿ ಹೆಂಡತಿಯ ಮಗ್ಗುಲಿಗೆ ಕುಳಿತದ್ದು ಒಂದೇ ಸಲ. ಅದು ಮದುವೆಯ ಹಂದರದಲ್ಲಿ, ಅಕ್ಷತೆ ಬೀಳುವಾಗ, ಅಯ್ಯನವರ ಅಪ್ಪಣೆಯ ಮೇರೆಗೆ. ಆಗಲೂ ಬಾಸಿಂಗದ ಮರೆಯಲ್ಲಿ ಅವಳ ಮೂಗು ಕಂಡಿತೇ ಹೊರತು ಮುಖ ಕಂಡಿರಲಿಲ್ಲ. ಮದುವೆಯಾದ ವೈಶಾಖ ಹೋಗಿ ಸಾವಿರದ ಒಂಬೈನೂರ ಅರವತ್ತನಾಲ್ಕರ ದೀಪಾವಳಿ ಬಾಗಿಲಿಗೆ ಬಂದರೂ ಆ ಯೋಗ ಮತ್ತೆ ಕೂಡಿಬರಲಿಲ್ಲ. ಅದಕ್ಕೆ ಕಾರಣ ಗ್ರಹಗತಿಯಲ್ಲ, ದೊಡ್ಡವ್ವ.

ದೊಡ್ಡವ್ವ ಸಾವಂತ್ರವ್ವ ಅವನ ದೊಡ್ಡಪ್ಪನ ಹೆಂಡತಿ. ತಾಯಿಯಿಲ್ಲದ ಹೊಳಬಸಪ್ಪನನ್ನು ಸಾಕಿ ಬೆಳೆಸಿದವಳು. ಇಡೀ ಮನೆಯ ಭಾರ ಹೊತ್ತವಳು ಎಂದು ಊರು ಹೇಳುತ್ತಿತ್ತು. ಚಕ್ಕಡಿಯಲ್ಲಿ ಅವಳನ್ನು ಎಳೆಯುತ್ತಿದ್ದ ಎತ್ತುಗಳ ಅಭಿಪ್ರಾಯ ಬೇರೆ ಇತ್ತು. ಹೊಸದಾಗಿ ಮದುವೆಯಾದವರು ಹಗಲಿನಲ್ಲಿ ಜೋಡಿಯಾಗಿ ಕುಳಿತರೆ ದೃಷ್ಟಿ ತಾಗುತ್ತದೆ ಎಂಬುದು ಅವಳ ಸಿದ್ಧಾಂತ. ಹಾಗಾದರೆ ರಾತ್ರಿ? ರಾತ್ರಿ ಕೋಣೆಯೇನೋ ಇತ್ತು. ಗೋಡೆಯಾಚೆ ದೊಡ್ಡವ್ವನ ಹಾಸಿಗೆಯೂ ಇತ್ತು. ಈಚೆ ಒಂದು ಮಾತು ಹುಟ್ಟಿದರೆ ಆಚೆ ಒಂದು ಕೆಮ್ಮು ಹುಟ್ಟುತ್ತಿತ್ತು.

ಹಾಗೆ ನೋಡಿದರೆ ಹೊಳಬಸಪ್ಪ ಮಾತಿಗೆ ಬಡವನಲ್ಲ. ಬಸ್ಸು ನಿಲ್ಲುವ ಕಡೆ ಅವನದೊಂದು ಬಾಡಿಗೆ ಸೈಕಲ್ ಅಂಗಡಿ. ಪಂಕ್ಚರ್ ತಿದ್ದುತ್ತ ದಿಲ್ಲಿಯ ರಾಜಕಾರಣವನ್ನೂ ತಿದ್ದುತ್ತಿದ್ದ. ಆದರೆ ಹೆಂಡತಿ ಮಾದೇವಿ ನೀರಿನ ತಂಬಿಗೆ ಹಿಡಿದು ಎದುರಿಗೆ ಬಂದರೆ ಸಾಕು, ಮುಳ್ಳು ಚುಚ್ಚಿದ ಟ್ಯೂಬಿನ ಹಾಗೆ ಸುಯ್ಯೆಂದು ಇಳಿದುಬಿಡುತ್ತಿದ್ದ. ಗಂಡಸರೆಲ್ಲರ ಹಣೆಬರಹವೂ ಇಷ್ಟೇ ಎಂದು ಬರೆಯಬಹುದಿತ್ತು. ಬರೆಯುವವನ ಮನೆಯಾಕೆಗೂ ಓದಲು ಬರುತ್ತದಾದ್ದರಿಂದ ಆ ವಿಷಯ ಇಲ್ಲಿಗೇ ಬಿಡುವುದು ಕ್ಷೇಮ.

ಹಬ್ಬ ಇನ್ನೇನು ಬಂತು ಎನ್ನುವಾಗ ಉಳಿವೆಪ್ಪನೆಂಬ ಗಿರಾಕಿ ಸೈಕಲ್ ಒಯ್ಯಲು ಬಂದ.

"ಹೊಳಬಸಪ್ಪಾ, ನಿಮ್ಮ ಬೀಗರು ಚಿಕ್ಕೇರೂರವರಲ್ಲಾ? ಆ ಹುಡುಗಿನ್ನ ಮೊದಲ ಹಿರೇಕೆರೂರ ಕಂಪೌಂಡರಗ ಕೊಡಾಕ ಮಾತಾಗಿತ್ತಂತಲ್ಲೋ. ಬಿಳೇ ಪ್ಯಾಂಟ್ ಹಾಕ್ಕೊಂತಾನಂತ. ಹುಡುಗಿಗೂ ಮನಸಿತ್ತಂತ."

"ಯಾರಂದ್ರು?"

"ಯಾರೋ ಅಂದ್ರಪಾ. ನನಗ್ಯಾಕ ಬೇಕು ಮಂದಿ ಮನಿ ಸುದ್ದಿ? ಹಿಂದಿನ ಗಾಲಿಗೆ ಸ್ವಲ್ಪ ಗಾಳಿ ಹೊಡಿ."

ಹೊಳಬಸಪ್ಪ ಗಾಳಿ ಹೊಡೆದ. ಆದರೆ ಆವತ್ತಿನಿಂದ ಆ ಬಿಳಿ ಪ್ಯಾಂಟು ಅವನ ಕಣ್ಣಮುಂದೆ ಓಡಾಡತೊಡಗಿತು. ತನ್ನ ಎಣ್ಣೆಕಲೆಯ ಪಾಯಿಜಾಮ ನೋಡಿಕೊಂಡಾಗಲಂತೂ ಓಡಾಟ ಜಾಸ್ತಿ. ಮಾದೇವಿಯ ಮನಸ್ಸಿನಲ್ಲಿ ಏನಿದೆಯೋ ಅವನಿಗೆ ಗೊತ್ತಿರಲಿಲ್ಲ. ಅವಳ ಬಾಯಿಂದ ಅವನು ಕೇಳಿದ್ದು "ಊಟಕ್ಕ ಏಳ್ರಿ" ಎಂಬ ಎರಡು ಶಬ್ದ ಮಾತ್ರ. ನಾಳೆ ಅವಳ ಅಣ್ಣ ಬಂದು ಹಬ್ಬಕ್ಕೆ ತವರಿಗೆ ಕರೆದೊಯ್ಯುವವನಿದ್ದ. ಮನಸ್ಸಿಲ್ಲದವಳು ತವರಿಗೆ ಹೋದರೆ ಹಬ್ಬ ಮುಗಿದರೂ ಹಬ್ಬ ಮುಗಿಯುವುದಿಲ್ಲ. ಆದ್ದರಿಂದ ಅವಳು ಹೋಗುವ ಮೊದಲೇ ಒಂದು ಮಾತು ಕೇಳಿಬಿಡಬೇಕು: "ನಾ ನಿನ್ನ ಮನಸಿಗೆ ಬಂದೇನೋ ಇಲ್ಲೋ?"

ಕೇಳಬೇಕೆಂದರೆ ಮಗ್ಗುಲಿಗೆ ಕೂಡ್ರಬೇಕು. ಕೂಡ್ರಬೇಕೆಂದರೆ ಊರು ಬಿಡಬೇಕು. ಅವನು ದೊಡ್ಡವ್ವನ ಮುಂದೆ ಹೋಗಿ ನಿಂತ.

"ದೊಡ್ಡವ್ವಾ, ಹಾನಗಲ್ಲಿಗೆ ಹೋಗಿ ಹಬ್ಬದ ಸಾಮಾನು ತರತೇವಿ. ಅಕಿಗೊಂದು ಸೀರಿ ಆಗಬೇಕಲ್ಲ."

"ತರತೇವಿ ಅಂದ್ರ? ನೀವಿಬ್ಬರ? ನಿನಗೇನು ತಿಳೀತೈತೋ? ಅರಿವಿ ಅಂಗಡ್ಯಾಂವ ಗೋಣಿಚೀಲ ಕೊಟ್ಟು ಇಲಕಲ್ಲ ಸೀರಿ ಅಂದ್ರ, ಹೂಂ ಅಂದು ಬಗಲಾಗಿಟಗೊಂಡು ಬರೂವಂಥಾಂವ ನೀನು. ನಾನೂ ಬರತೇನಿ."

ಬರಲು ಅವಳಿಗೆ ಇನ್ನೊಂದು ಕಾರಣವಿತ್ತು. ಸರಕಾರದವರು ಹಾನಗಲ್ಲಿನಲ್ಲಿ ಬೇಸಾಯದ ಎಗ್ಜಿಬಿಷನ್ ಹಾಕಿದ್ದರು. ಅಲ್ಲಿ ಮುಗಿಲಿಗೆ ಒಯ್ಯುವ ತಿರುಗುವ ತೊಟ್ಟಿಲು ಬಂದಿತ್ತು. ಓಣಿಯ ತಿಪ್ಪವ್ವ ಅದರಲ್ಲಿ ಕುಳಿತುಬಂದು, ಮೇಲಿಂದ ತಾರಕೇಶ್ವರ ಗುಡಿಯ ಶಿಖರ ಕಂಡಿತೆಂದು ಬಾವಿಕಟ್ಟೆಯಲ್ಲಿ ದಿನಾ ಹೇಳುತ್ತಿದ್ದಳು. ತಿಪ್ಪವ್ವ ಕಂಡ ಶಿಖರವನ್ನು ತಾನು ಕಾಣದೆ ಸಾವಂತ್ರವ್ವನಿಗೆ ಹೋಳಿಗೆ ಗಂಟಲಲ್ಲಿ ಇಳಿಯುವಂತಿರಲಿಲ್ಲ.

ಬಸ್ಸಿನಲ್ಲಿ ಹೆಂಗಸರಿಗೆ ಮುಂದಿನ ಸೀಟು. ದೊಡ್ಡವ್ವ ಮಾದೇವಿಯನ್ನು ಕಿಟಕಿಗೆ ಒತ್ತಿ ಕುಳಿತಳು. ಹೊಳಬಸಪ್ಪನಿಗೆ ತೀರ ಹಿಂದೆ, ಎಲೆಬುಟ್ಟಿಗಳ ನಡುವೆ ಜಾಗ ಸಿಕ್ಕಿತು. ಹಾನಗಲ್ಲಿನವರೆಗೂ ಅವನಿಗೆ ಮಾದೇವಿಯ ತುರುಬು ಕಾಣಿಸುತ್ತಿತ್ತು, ಅದೂ ರಸ್ತೆಯಲ್ಲಿ ತಗ್ಗು ಬಂದು ದೊಡ್ಡವ್ವ ಕುಲುಕಿದಾಗ ಮಾತ್ರ. ನಮ್ಮ ಕಡೆಯ ರಸ್ತೆಯ ತಗ್ಗುಗಳನ್ನು ಬೈಯದ ಒಬ್ಬನೇ ಪ್ರಯಾಣಿಕ ಅವನಿರಬೇಕು.

ಬಟ್ಟೆ ಅಂಗಡಿಯಲ್ಲಿ ಹೆಂಗಸರು ಗಾದಿಯ ಮೇಲೆ ಕುಳಿತರು. "ನೀ ಹೊರಗ ಚಪ್ಪಲಿ ನೋಡಕೋತ ನಿಂದ್ರು" ಎಂದಳು ದೊಡ್ಡವ್ವ. ಸೊಸೆಯ ಬೆರಳು ಗಿಳಿಹಸಿರಿನ ಸೀರೆಯ ಮೇಲೆ ಒಂದು ಗಳಿಗೆ ನಿಂತದ್ದನ್ನು ಹೊಳಬಸಪ್ಪ ಹೊರಗಿನಿಂದಲೇ ಕಂಡ. ದೊಡ್ಡವ್ವ ಆರಿಸಿದ್ದು ಕಪ್ಪೋ ಕಂದೋ ಹೇಳಲಾಗದ ಬಣ್ಣ. "ಹೊಲಸಾದ್ರೂ ಕಾಣೂದಿಲ್ಲ" ಎಂದಳು. ಹೊಲಸಾಗದಿದ್ದರೂ ಸೀರೆ ಕಾಣುತ್ತಿರಲಿಲ್ಲ ಎಂಬುದು ಬೇರೆ ಮಾತು.

ಬಳೆ ಅಂಗಡಿಯಲ್ಲಿ ಇನ್ನೂ ಕಷ್ಟ. ಬಳೆಗಾರ ಮಾದೇವಿಯ ಕೈ ಹಿಡಿದು, ಹಿಂಡಿ, ಒತ್ತಿ, "ಸಡ್ಲ ಬಿಡವ್ವಾ" ಎನ್ನುತ್ತ ಬಳೆ ಏರಿಸಿದ. ತಾಳಿ ಕಟ್ಟಿದ ಗಂಡ ಹಗಲಲ್ಲಿ ಮುಟ್ಟಲಾರದ ಕೈಯನ್ನು ಆ ಪುಣ್ಯಾತ್ಮ ಎಲ್ಲರೆದುರಿಗೆ, ಬಹಳ ಹೊತ್ತು, ಕೂಲಿ ತೆಗೆದುಕೊಂಡು ಹಿಡಿದಿದ್ದ. ಸೈಕಲ್ಲಿನ ಕಸುಬು ಬಿಟ್ಟು ಬಳೆಯ ಕಸುಬಿಗೆ ಇಳಿಯಬೇಕಿತ್ತು ಎಂದು ಹೊಳಬಸಪ್ಪನಿಗೆ ಅನಿಸಿದ್ದರೆ ತಪ್ಪೇನಿಲ್ಲ.

ಹೋಟೆಲಿನಲ್ಲಿ ಹೆಂಗಸರಿಗೆ ಪರದೆಯ ಹಿಂದೆ ಬೇರೆ ಕೋಣೆ. ಹೊಳಬಸಪ್ಪ ಈಚೆ ಒಬ್ಬನೇ ಮಿರ್ಚಿ ಭಜಿ ತಿಂದ. ಪರದೆಯ ಆಚೆ ದೊಡ್ಡವ್ವ ಏನೋ ಅಂದಳು, ಮಾದೇವಿ ನಕ್ಕಳು. ಅವಳು ನಗುವುದನ್ನು ಅವನು ಕೇಳಿದ್ದು ಅದೇ ಮೊದಲು. ಕಂಪೌಂಡರನ ಮನೆಗೆ ಹೋಗಿದ್ದರೆ ದಿನಾ ಹೀಗೇ ನಗುತ್ತಿದ್ದಳೇನೋ ಎನಿಸಿ ಮಿರ್ಚಿಯ ಖಾರ ಕಣ್ಣಿಗೆ ಹತ್ತಿತು.

ಎಗ್ಜಿಬಿಷನ್ನಿನಲ್ಲಿ ಮೊದಲು ಸಿಕ್ಕಿದ್ದು ಜಪಾನಿ ಪದ್ಧತಿಯ ಭತ್ತ, ಆಮೇಲೆ ಎತ್ತಿನ ತಲೆಗಿಂತ ದೊಡ್ಡ ಕುಂಬಳಕಾಯಿ, ಆಮೇಲೆ ಕುಟುಂಬ ಯೋಜನೆಯ ಡೇರೆ. ಅಲ್ಲಿ ಕನ್ನಡಕದ ಅಧಿಕಾರಿಯೊಬ್ಬರು ಕೋಲು ಹಿಡಿದು ಚಿತ್ರ ತೋರಿಸುತ್ತ, "ಒಂದು ಕೂಸಿಗೂ ಇನ್ನೊಂದು ಕೂಸಿಗೂ ನಡುವೆ ಅಂತರ ಇರಬೇಕು" ಎಂದು ತಿಳಿಸಿ ಹೇಳುತ್ತಿದ್ದರು. ಹೊಳಬಸಪ್ಪ ತನಗೂ ಮಾದೇವಿಗೂ ನಡುವೆ ನಿಂತಿದ್ದ ಅಂತರವನ್ನು ನೋಡಿದ. ಅದು ಸೆರಗು ಹೊದ್ದು ಎಲೆಅಡಿಕೆ ಜಗಿಯುತ್ತಿತ್ತು. ಸರಕಾರ ಇಷ್ಟು ಖರ್ಚು ಮಾಡುವ ಬದಲು ಮನೆಗೊಬ್ಬ ದೊಡ್ಡವ್ವನನ್ನು ಕೊಟ್ಟಿದ್ದರೆ ಸಾಕಿತ್ತು.

ಕೊನೆಗೆ ತೊಟ್ಟಿಲು ಬಂತು. ಕಟ್ಟಿಗೆಯ ಎತ್ತರದ ಚಕ್ರ, ಅದಕ್ಕೆ ನಾಲ್ಕು ತೊಟ್ಟಿಲು. ತಿರುಗಿಸಲು ಎಂಜಿನ್ ಇರಲಿಲ್ಲ, ಶಿಗ್ಗಾವಿಯ ಖಾದರಸಾಬ ಇದ್ದ. ಅವನೋ ಕಡ್ಡಿಯಂಥ ಮನುಷ್ಯ. ಎದುರುಬದುರಿನ ತೊಟ್ಟಿಲುಗಳ ಭಾರ ಸರಿಸಮ ಇದ್ದರೆ ಮಾತ್ರ ಅವನ ಕೈಗೆ ಚಕ್ರ ಬಗ್ಗುತ್ತಿತ್ತು. ಅದಕ್ಕೇ ನಡುಮಟ್ಟದಲ್ಲಿ ಎರಡೂ ಬದಿಗೆ ಬಿದಿರಿನ ಅಟ್ಟ ಕಟ್ಟಿದ್ದ. ಆ ಅಟ್ಟಗಳಿಂದ ಎರಡೂ ಕಡೆಯವರು ಒಟ್ಟಿಗೇ ಹತ್ತಬೇಕು, ಒಟ್ಟಿಗೇ ಇಳಿಯಬೇಕು. ಉರಿಬಿಸಿಲಿನ ಹೊತ್ತು, ಬೇರೆ ಗಿರಾಕಿಗಳಿರಲಿಲ್ಲ.

"ನಾನೂ ನನ್ನ ಸೊಸಿನೂ ಈ ಕಡೆ" ಎಂದಳು ದೊಡ್ಡವ್ವ. "ಇಂವ ಒಬ್ಬನ ಆ ಕಡೆ."

ಖಾದರಸಾಬ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಆಗೂದಿಲ್ಲವ್ವಾ. ಹಂಗ ಕುಂತ್ರ ಇವರು ಮ್ಯಾಲ ಉಳೀತಾರ, ನೀವು ಕೆಳಗ ಉಳೀತೀರಿ. ಚಕ್ರ ತಿರಗೂದಿಲ್ಲ."

"ಹಂಗಾರ ಈ ಕಡೆ ನಾ ಒಬ್ಬಾಕೀನ ಕುಂದರತೇನಿ."

"ತಪ್ಪು ತಿಳಕೋಬ್ಯಾಡ್ರಿ. ಅದಕ್ಕೂ ಜಮಾಯ್ಸೂದಿಲ್ಲ. ನಿಮ್ಮ ಎದುರಿಗೆ ಇವರಿಬ್ಬರೂ ಬೇಕು. ಇಬ್ಬರೂ ಕುಂತ್ರೂ ಸಾಲತೈತೋ ಇಲ್ಲೋ."

"ಏನಂದಿ?"

"ಖಾನದಾನಿ ಮೈ ಐತ್ರಿ ನಿಮ್ದು ಅಂದೆ."

ಸಾವಂತ್ರವ್ವ ತಲೆ ಎತ್ತಿ ಚಕ್ರದ ತುದಿಯನ್ನು ನೋಡಿದಳು. ಒಂದು ಕಡೆ ದೃಷ್ಟಿಯ ಸಿದ್ಧಾಂತ, ಇನ್ನೊಂದು ಕಡೆ ಬಾವಿಕಟ್ಟೆಯ ತಿಪ್ಪವ್ವ. ತಿಪ್ಪವ್ವ ಗೆದ್ದಳು. "ನಡುವ ಚೀಲ ಇಟಗೊಂಡು ಕುಂದರ್ರಿ" ಎಂದು ಆಜ್ಞೆ ಮಾಡಿ ದೊಡ್ಡವ್ವ ಅಟ್ಟ ಹತ್ತಿದಳು.

ಹೀಗೆ ಹೊಳಬಸಪ್ಪನಿಗೆ ಹಗಲಿನಲ್ಲಿ, ಹೆಂಡತಿಯ ಮಗ್ಗುಲಲ್ಲಿ ಸ್ಥಾನ ಸಿಕ್ಕಿತು. ಚಕ್ರ ಮೇಲೇರಿತು. ಅವನು ಕೂಡಲೇ ಕಣ್ಣು ಮುಚ್ಚಿಕೊಂಡ. ಜೀವಮಾನವೆಲ್ಲ ಗಾಲಿಗಳ ಸಂಗದಲ್ಲಿ ಕಳೆದವನಿಗೆ ತಾನೇ ಗಾಲಿಯ ಮೇಲಿದ್ದರೆ ಹೇಗಿರುತ್ತದೆಂದು ತಿಳಿದಿರಲಿಲ್ಲ. ಕೇಳಬೇಕಿದ್ದ ಪ್ರಶ್ನೆ ಹೊಟ್ಟೆಗೆ ಇಳಿಯಿತು, ಹೊಟ್ಟೆಯಲ್ಲಿದ್ದ ಮಿರ್ಚಿ ಗಂಟಲಿಗೆ ಬಂತು. ಎರಡೂ ತೊಟ್ಟಿಲು ಸಮಮಟ್ಟಕ್ಕೆ ಬಂದಾಗಲೆಲ್ಲ ಎದುರಿನಿಂದ ದೊಡ್ಡವ್ವನ ಧ್ವನಿ ಹಾಯುತ್ತಿತ್ತು: "ಸರಕೊಂಡು ಕುಂದರೋ, ಹೊಳಬಸ್ಯಾ!" ಸ್ವಲ್ಪ ಹೊತ್ತಿಗೆ ಆ ಧ್ವನಿಯೂ ಬದಲಾಯಿತು: "ಯವ್ವಾ, ಸತ್ನೆಪಾ! ಶಿಖರ ಸಾಕು! ಇಳಸೋ ಮಾರಾಯಾ!"

ಖಾದರಸಾಬ ವೇಗ ತಗ್ಗಿಸಿದ. ದೊಡ್ಡವ್ವನ ತೊಟ್ಟಿಲು ಕೆಳಗೆ ನೆಲದ ಹತ್ತಿರ ಬಂತು. ಅದನ್ನು ಅಟ್ಟದ ಮಟ್ಟಕ್ಕೆ ಒಯ್ಯುವಷ್ಟು ತಾಳ್ಮೆ ಯಾರಿಗಿತ್ತು? ನೆಲ ಕಂಡದ್ದೇ ಅವಳು ಇಳಿದುಬಿಟ್ಟಳು.

"ಇಳೀಬ್ಯಾಡ್ರೀ!" ಎಂದು ಕೂಗುತ್ತ ಖಾದರಸಾಬ ಚಕ್ರದ ಸಂದಿಗೆ ಅಡ್ಡಗೋಲು ತುರುಕಿದ. ಹೊಳಬಸಪ್ಪ, ಮಾದೇವಿ ಇಬ್ಬರೂ ತುತ್ತತುದಿಯಲ್ಲಿ ನಿಂತರು. "ಎಂಥಾ ಕೆಲಸ ಮಾಡಿದ್ರಿ! ಈಗ ಕೋಲು ತಗದ್ರ ಅವರು ದಬಕ್ಕನ ಬರತಾರ. ಮತ್ತ ಹತ್ತಿ ಕುಂದರ್ರಿ."

"ನನ್ನ ಹೆಣಾ ಸೈತ ಕುಂದರೂದಿಲ್ಲ."

"ಹಂಗಾರ ನಿಮ್ಮ ತೂಕದವರನ್ನ ಯಾರನ್ನರ ಕರಕೊಂಡು ಬರ್ರಿ."

"ನನ್ನ ತೂಕದವರು ಈ ಹಾನಗಲ್ಲಾಗ ಯಾರದಾರೋ?" ಎಂದಳು ದೊಡ್ಡವ್ವ, ತಲೆ ತಿರುಗುತ್ತಿದ್ದರೂ ಎದೆ ಸೆಟೆಸಿ. ಆದರೂ ಹುಡುಕಲು ಹೋದಳು.

ಮೇಲೆ ಮಾದೇವಿ ಮೆಲ್ಲಗೆ ಅಂದಳು: "ಕಣ್ಣ ತಗೀರಿ. ನಿಂತೈತಿ."

ಹೊಳಬಸಪ್ಪ ಒಂದೊಂದೇ ಕಣ್ಣು ತೆರೆದ. ಆನಿಕೆರೆಯ ನೀರು ಕಂಡಿತು, ಶಿಖರ ಕಂಡಿತು. ಡೇರೆಗಳ ಸಂದಿಯಲ್ಲಿ ಓಡಾಡುತ್ತಿದ್ದ ದೊಡ್ಡವ್ವ ಕಂಡಳು. ಅವಳು ಅಷ್ಟು ಸಣ್ಣವಳಾಗಿ ಕಂಡದ್ದು ಅವನ ಜನ್ಮದಲ್ಲಿ ಮೊದಲು. ಅದರಿಂದ ಧೈರ್ಯ ಬಂದು ಬಾಯಿ ತೆರೆದ. ಆದರೆ ಗಟ್ಟಿ ಮಾಡಿಕೊಂಡ ಪ್ರಶ್ನೆ ಬಿಟ್ಟು ಬೇರೆಯದೇ ಹೊರಬಂತು.

"ಆ ಕಂಪೌಂಡರ ಬಿಳೇ ಪ್ಯಾಂಟ್ ಹಾಕ್ಕೊಂತಾನಂತ?"

"ಯಾವ ಕಂಪೌಂಡರ?"

"ಹಿರೇಕೆರೂರಾಂವ. ನಿನ್ನ ನೋಡಾಕ ಬಂದಿದ್ನಂತ."

"ಬಂದಿದ್ದ. ಬಂದ ಕೂಡ್ಲೇ 'ನಾಲಿಗಿ ತಗಿ' ಅಂದ. ಹೆಣ್ಣು ನೋಡಾಕ ಬಂದಾನೋ ಜಡ್ಡು ನೋಡಾಕ ಬಂದಾನೋ ತಿಳೀಲಿಲ್ಲ. ನಾ ಎದ್ದು ಒಳಗ ಹೋದೆ."

"ಮತ್ತ, ನಿನಗ ಮನಸಿತ್ತಂತ?"

"ನಮ್ಮವ್ವಗಿತ್ತು. ನನ್ನ ಯಾರು ಕೇಳ್ಯಾರ? ನೀವರ ಕೇಳೀರೇನು? ತಂಬಗಿ ಕೊಟ್ರ ಗ್ವಾಡಿ ನೋಡಕೋತ ನೀರು ಕುಡೀತೀರಿ. ಇವರಿಗೆ ನಾ ಸೇರಿಲ್ಲ ಅಂತ ತಿಳಕೊಂಡೇನಿ. ಹಬ್ಬಕ್ಕ ಹ್ವಾದಾಕಿ ಹೊಳ್ಳಿ ಬರಲೋ ಬ್ಯಾಡೋ ಅಂತ ಬಸ್ಸಿನ್ಯಾಗೂ ಅದನ್ನ ವಿಚಾರ ಮಾಡಾಕತ್ತಿದ್ದೆ."

ಹೊಳಬಸಪ್ಪನಿಗೆ ತೊಟ್ಟಿಲು ಮತ್ತೆ ತಿರುಗಿದಂತಾಯಿತು. ನಡುವಿದ್ದ ಚೀಲವನ್ನು ಎತ್ತಿ ಆಚೆ ಬದಿಗಿಟ್ಟ.

"ಈಗ ಕೇಳತೇನಿ. ನಾ ನಿನ್ನ ಮನಸಿಗೆ ಬಂದೇನೋ ಇಲ್ಲೋ?"

ಅವಳು ಉತ್ತರ ಹೇಳುವ ಮೊದಲೇ ಕೆಳಗಿನಿಂದ ಕೂಗು ಬಂತು. ದೊಡ್ಡವ್ವ ಬೆಲ್ಲದ ವ್ಯಾಪಾರಿ ಶಂಕ್ರಪ್ಪನೆಂಬ ಗುಡಾಣದಂಥ ಮನುಷ್ಯನನ್ನು ಕೈ ಹಿಡಿದು ಎಳೆದು ತಂದಿದ್ದಳು. ಖಾದರಸಾಬ ಕೋಲಿಗೆ ಕೈ ಹಾಕಿ, "ತೂಕದವರು ಸಿಕ್ಕರ್ರಿ! ಇಳಸತೇನಿ!" ಎಂದ.

ಮಾದೇವಿ ತೊಟ್ಟಿಲಿನ ಅಂಚಿಗೆ ಬಾಗಿ ಶಂಕ್ರಪ್ಪನನ್ನು ಚೆನ್ನಾಗಿ ನೋಡಿದಳು. ಮದುವೆಯಾದಾಗಿನಿಂದ ಹಿರಿಯರೆದುರು ಧ್ವನಿ ಎತ್ತದವಳು ಹಾನಗಲ್ಲಿಗೆಲ್ಲ ಕೇಳುವಂತೆ ಕೂಗಿದಳು:

"ಅತ್ತೀ, ಇವರು ನಿಮ್ಮ ತೂಕಕ್ಕ ಬರೂದಿಲ್ಲರಿ! ಬ್ಯಾರೆ ಯಾರನ್ನರ ನೋಡ್ರಿ!"

ಸಾವಂತ್ರವ್ವ ಶಂಕ್ರಪ್ಪನ ಸುತ್ತ ಒಂದು ಸುತ್ತು ಬಂದಳು. ಹೊಟ್ಟೆ ನೋಡಿದಳು, ಭುಜ ನೋಡಿದಳು. ಸೊಸೆಯ ಮಾತಿನಲ್ಲಿ ಸತ್ಯ ಕಂಡಿತು. ಸತ್ಯಕ್ಕಿಂತ ಹೆಚ್ಚಾಗಿ ಮರ್ಯಾದೆ ಕಂಡಿತು.

"ಖರೇನ. ಇಂವ ಯಾತರಾಂವ ನನ್ನ ಸರಿ?" ಎಂದು ಅವನ ಕೈ ಬಿಟ್ಟಳು. "ಹೋಗಪಾ ನೀನು, ಬೆಲ್ಲಾ ಮಾರಹೋಗು. ಖಾದರಸಾಬಾ, ಕೋಲ ಗಟ್ಟಿ ಹಿಡಿ. ಪ್ಯಾಟ್ಯಾಗ ನೋಡಿ ಬರತೇನಿ."