ಒಡೆದ ಕಣಗಳ ವಕೀಲೆ

ಆಸ್ಪತ್ರೆಯ ಎರಡನೇ ಮಹಡಿಯ ಪ್ರಯೋಗಾಲಯದಲ್ಲಿ, ಕಿಟಕಿ ಪಕ್ಕದ ಸೂಕ್ಷ್ಮದರ್ಶಕದ ಮುಂದೆ, ಇಪ್ಪತ್ತಾರು ವರ್ಷಗಳಿಂದ ಒಬ್ಬಳೇ ರಾಣಿಯ ಆಳ್ವಿಕೆ. ಸಿಂಹಾಸನವೆಂದರೆ ಒಂದು ಕಾಲು ಕುಂಟುವ ತಿರುಗುಕುರ್ಚಿ. ಕಿರೀಟವೆಂದರೆ ನೆತ್ತಿಗೇರಿಸಿದ ಕನ್ನಡಕ. ಪ್ರಜೆಗಳು ರಕ್ತದ, ಕಫದ, ಶ್ವಾಸಕೋಶ ತೊಳೆದ ನೀರಿನ ಕಣಗಳು. ಎಲ್ಲರ ಬಾಯಲ್ಲೂ ಅವಳು ಭೂತಗನ್ನಡಿಯಕ್ಕ.

ಆ ಸೋಮವಾರ ಸಿಂಹಾಸನಕ್ಕೇ ಕುತ್ತು ಬಂತು. ಹೊಸ ಡಾಕ್ಟರು ಒಂದು ಸ್ಲೈಡನ್ನು ಸತ್ತ ಜಿರಲೆಯಂತೆ ಎರಡು ಬೆರಳಲ್ಲಿ ಹಿಡಿದು ತಂದರು. ಬಟ್ಟೆಗೆ ಬಿಳುಪು ಕೊಡುವ ಕಾರ್ಖಾನೆಯಲ್ಲಿ ವಿಷಗಾಳಿ ಕುಡಿದು, ಈಗ ವೆಂಟಿಲೇಟರಿನಲ್ಲಿ ಮಲಗಿದ್ದ ಕೆಲಸಗಾರನ ಶ್ವಾಸಕೋಶ ತೊಳೆದ ನೀರಿನ ಸ್ಲೈಡ್ ಅದು.

"ಏನಮ್ಮಾ ಇದು? ಅರ್ಧಕ್ಕರ್ಧ ಬಿಳಿ ರಕ್ತಕಣ ಚಿಂದಿಯಾಗಿವೆ. ಗಾಜಿಗೆ ಹಚ್ಚುವಾಗ ಉಜ್ಜಿಬಿಟ್ಟಿದೀರ. ಕೈ ಭಾರ ಆಯ್ತು ನಿಮ್ಮದು. ಕೆಳಗಡೆ ದಾಖಲೆ ಕೋಣೆಗೆ ಹೋಗಿ, ಫೈಲು ಜೋಡಿಸ್ಕೊಂಡು ಆರಾಮಾಗಿರಿ."

ಹರಿದ ಕಣ ಎಣಿಕೆಗಿಲ್ಲ, ಅದು ಹಚ್ಚಿದವರ ತಪ್ಪು ಎನ್ನುವುದು ಅಲ್ಲಿನ ಹಳೆಯ ಕಟ್ಟಳೆ. ಅಕ್ಕನೂ ಅದನ್ನೇ ಪಾಲಿಸಿಕೊಂಡು ಬಂದವಳು. ಆದರೆ ಈ ಸಲ ಅವಳ ಮೂಗಿನ ತುದಿ ಕೆಂಪಾಯಿತು.

"ಇದೇ ಬೆಳಿಗ್ಗೆ ಇದೇ ಕೈಯಲ್ಲಿ ಇನ್ನೂ ಹನ್ನೊಂದು ಹಚ್ಚಿದೀನಿ ಸಾರ್. ಎಲ್ಲಾ ದುಂಡಗಿವೆ. ನನ್ನ ಕೈ ಇವನೊಬ್ಬನ ಮೇಲೇ ಮುನಿಸ್ಕೊಳ್ತಾ?"

"ವಾದ ಬೇಡ."

"ಬೇಡ. ನಾಳೆ ಅವನ ಶ್ವಾಸಕೋಶ ಮತ್ತೆ ತೊಳೀತೀರಲ್ಲ, ಅಲ್ಲೀತನಕ ಕುರ್ಚಿ ನಂದು."

ಮಧ್ಯಾಹ್ನ ಅಕ್ಕ ಊಟಕ್ಕೆ ದಾಖಲೆ ಕೋಣೆಗೆ ಇಳಿಯುವ ಮೊದಲೇ ಸುದ್ದಿ ಅಲ್ಲಿಗೆ ಇಳಿದಿತ್ತು. ಅಲ್ಲಿನ ಗುಮಾಸ್ತೆ ಅವಳ ನಾದಿನಿಯೇ. ಊಟದ ಡಬ್ಬಿ ಬಿಚ್ಚುತ್ತ ಹಲ್ಲು ಕಿಸಿದಳು.

"ಬನ್ನಿ ಅತ್ತಿಗೆ, ಇಲ್ಲಿ ಫ್ಯಾನ್ ಇದೆ. ಕಣ ಹರಿದ್ರೆ ಹರೀಲಿ, ಸತ್ತಿದ್ದು ಸತ್ತಂಗೆ."

"ಸಾಯೋದ್ರಲ್ಲೂ ಎರಡು ಥರ ಇದೆ ಕಣೇ. ಶ್ವಾಸಕೋಶಕ್ಕೆ ಪೆಟ್ಟಾದ್ರೆ ಬಿಳಿ ಕಣಗಳು ಓಡಿ ಬರ್ತವೆ. ಕೆಲಸ ಮುಗಿದ ಮೇಲೆ ಕೆಲವು ಮುದುಡಿ, ಗಂಟುಮೂಟೆ ಕಟ್ಕೊಂಡು ಸುಮ್ಮನೆ ಸಾಯ್ತವೆ. ಭಕ್ಷಕ ಕಣ ಬಂದು ಗುಳುಂ ಅಂತ ನುಂಗುತ್ತೆ, ಉರಿಯೂತ ಇಳಿಯುತ್ತೆ. ಇನ್ನು ಕೆಲವು ಹೊಟ್ಟೆ ಒಡ್ಕೊಂಡು ಸಾಯ್ತವೆ. ಒಳಗಿನ ಸಿಡಿಮದ್ದೆಲ್ಲ ಅಕ್ಕಪಕ್ಕಕ್ಕೆ ಚೆಲ್ಲುತ್ತೆ. ಅದಕ್ಕೆ ಇನ್ನಷ್ಟು ಕಣ ಓಡಿ ಬರ್ತವೆ, ಅವೂ ಒಡೀತವೆ, ಉರಿಯೂತ ಏರ್ತಾನೇ ಹೋಗುತ್ತೆ."

"ನಮ್ಮಣ್ಣನ ಕೋಪದ ಥರ ಅನ್ನಿ. ಅವನೊಬ್ಬ ಕೂಗಿದ್ರೆ ಮನೆಯವರೆಲ್ಲ ಕೂಗೋದು."

"ನಿಮ್ಮಣ್ಣನ್ನ ನುಂಗೋ ಭಕ್ಷಕ ಇನ್ನೂ ಹುಟ್ಟಿಲ್ಲ," ಎಂದು ಅಕ್ಕ ಡಬ್ಬಿ ಮುಚ್ಚಿ ಎದ್ದಳು.

ಮರುದಿನ ರಣರಂಗ ಸಜ್ಜಾಯಿತು. ಆಯುಧಗಳು ಎರಡು ಗಾಜಿನ ತುಂಡು, ಒಂದು ಪಿಪೆಟ್, ಪ್ರೋಟೀನ್ ದ್ರಾವಣದ ಸಣ್ಣ ಸೀಸೆ. ಆ ದ್ರಾವಣದ ಒಂದು ತೊಟ್ಟು ಬೆರೆಸಿದರೆ ಕಣಗಳಿಗೆ ಮೆತ್ತೆ ಹಾಸಿದಂತೆ, ಹಚ್ಚುವಾಗಿನ ಉಜ್ಜಾಟಕ್ಕೆ ಅವು ಸುಲಭದಲ್ಲಿ ಹರಿಯವು. ತೊಳೆದ ನೀರು ಬಿಸಿಯಾರುವ ಮೊದಲೇ ಅವಳು ಡಾಕ್ಟರನ್ನು ಕರೆಸಿದಳು.

"ಕಾರ್ಖಾನೆಯವನದ್ದು ನೀವೇ ಹಚ್ಚಿ ಸಾರ್, ಹಗುರ ಕೈಯಲ್ಲಿ. ಮೆತ್ತೆಯನ್ನೂ ಹಾಕಿ. ಪಕ್ಕದ ಹಾಸಿಗೆಯವನದ್ದು ನಾನು ಹಚ್ತೀನಿ, ಮೆತ್ತೆ ಇಲ್ಲದೆ, ಈ ಭಾರದ ಕೈಯಲ್ಲಿ."

ಡಾಕ್ಟರು ನವಿಲುಗರಿ ಸವರಿದಂತೆ ಹಚ್ಚಿದರು. ಅಕ್ಕ ಟಪ್ಪೆಂದು ಮುಗಿಸಿದಳು. ಬಣ್ಣ ಹಾಕಿ, ತೊಳೆದು, ಒಣಗಿಸಿದ್ದಾಯಿತು. ಡಾಕ್ಟರು ಬಗ್ಗಿ ಅಕ್ಕನ ಸ್ಲೈಡ್ ನೋಡಿದರು. ಕಣಗಳು ದುಂಡುದುಂಡಗೆ, ಶಾಲೆಯ ಸಾಲಿನಲ್ಲಿ ನಿಂತ ಮಕ್ಕಳ ಹಾಗೆ. ಆಮೇಲೆ ತಮ್ಮದನ್ನು ನೋಡಿದರು. ಚಿಂದಿ. ಬಲೆಬಲೆಯಾಗಿ ಹರಡಿದ ಎಳೆಗಳು. ಮತ್ತೊಮ್ಮೆ ನೋಡಿದರು. ಚಿಂದಿ ಚಿಂದಿಯಾಗಿಯೇ ಇತ್ತು.

"ದಾಖಲೆ ಕೋಣೇಲಿ ಎರಡು ಕುರ್ಚಿ ಖಾಲಿ ಇವೆಯಂತೆ ಸಾರ್," ಅಂದಳು ಅಕ್ಕ. "ಜೊತೆಗೇ ಹೋಗೋಣ್ವಾ?"

ಡಾಕ್ಟರ ಮುಖ ಹುಳ್ಳಗಾಯಿತು. ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, "ಹಾಗಾದ್ರೆ ಇವು ಅವನ ಒಳಗೇ ಒಡೆದಿವೆ," ಎಂದರು.

"ಅದನ್ನೇ ನಿನ್ನೆ ಸ್ಲೈಡ್ ಹೇಳ್ತಿತ್ತು. ನೀವು ನನ್ನ ಕೈ ನೋಡ್ತಾ ಕೂತಿರಿ."

"ಇದಕ್ಕೆ ಏನು ಮಾಡೋದು ಅಂತ..."

"ಅದು ನಿಮ್ಮ ಕೆಲಸ ಸಾರ್. ಒಳಗೆ ಬೆಂಕಿಗೆ ತುಪ್ಪ ಯಾರು ಸುರೀತಿದಾರೆ ಅಂತ ಹೇಳೋದು ನನ್ನದು."

ವರದಿ ಹಾಳೆಯಲ್ಲಿ ಒಡೆದ ಕಣಗಳಿಗೆ ಜಾಗವಿರಲಿಲ್ಲ. ಅಕ್ಕ ಸ್ಕೇಲಿಟ್ಟು ಕೆಂಪು ಶಾಯಿಯಲ್ಲಿ ಹೊಸ ಗೆರೆ ಎಳೆದಳು. ಮೇಲೆ "ಒಡೆದು ಸತ್ತವು" ಎಂದು ದಪ್ಪಗೆ ಬರೆದಳು. ಇಪ್ಪತ್ತಾರು ವರ್ಷ ತಾನೇ ಎಣಿಕೆಯಿಂದ ಹೊರಗಿಟ್ಟವರನ್ನೆಲ್ಲ ನೆನೆದು ಒಂದು ಗಳಿಗೆ ಪೆನ್ನು ನಿಂತಿತು. ಆಮೇಲೆ ನೂರಕ್ಕೆ ಐವತ್ತೆರಡು ಎಂದು ತುಂಬಿ, ಸಹಿಗೆ ಹಾಳೆಯನ್ನು ಡಾಕ್ಟರ ಕಡೆಗೆ ತಳ್ಳಿದಳು.

ಅವರು ನಿಂತುಕೊಂಡೇ ಸಹಿ ಹಾಕಿದರು. ಕುರ್ಚಿಯಲ್ಲಿ ಅವಳು ಕೂತಿದ್ದಳು.