ಕಾಳು ಅಪ್ಪನಿಗೆ, ಕಟ್ಟು ಮಗಳಿಗೆ

ಮಳವಳ್ಳಿಯಿಂದ ನನ್ನನ್ನು ಹನಕೆರೆ ಪಕ್ಕದ ಹಳ್ಳಿಗೆ ಕೊಟ್ಟಾಗ ನಮ್ಮ ಕಡೆಯವರು ಮೆಚ್ಚಿಕೊಂಡಿದ್ದು ಗಂಡಿನ ಗದ್ದೆಯನ್ನಲ್ಲ, ತೋಳನ್ನು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗಂಡು ಕುಸ್ತಿ ಪೈಲ್ವಾನ್, ಅವರಪ್ಪನೂ ಹರೆಯದಲ್ಲಿ ಪೈಲ್ವಾನ್. "ಕೆಸರಲ್ಲಿ ಊತ್ಕೊಂಡ ಗಾಡಿನ ಒಬ್ನೇ ಎತ್ತುತಾನಂತೆ ಕಣವ್ವ, ನಿಂಗಿನ್ನೇನ್ ಭಯ?" ಎಂದು ಸೋದರತ್ತೆ ನನ್ನ ಕೆನ್ನೆ ಹಿಂಡಿದಳು. ನನಗೂ ಭಯವಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವಳು, ಎಲ್ಲ ಗೊತ್ತು ಅಂದುಕೊಂಡಿದ್ದೆ.

ಆ ಮನೆಯಲ್ಲಿ ನನ್ನ ಮೊದಲ ಮಗಳು ಸತ್ತಳು. ಅವಳಿಗೆ ಎರಡು ವರ್ಷ ತುಂಬಿ ಸ್ವಲ್ಪ ದಿನವಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೂ ಬಚ್ಚಿಟ್ಟು ಓದುವವರನ್ನು ಅಳಿಸುವ ಆಸೆ ನನಗಿಲ್ಲ. ನಾಲೆ ನೀರಿನ ಊರು, ಮನೆ ತುಂಬ ರಾಗಿ, ಕೊಟ್ಟಿಗೆಯಲ್ಲಿ ಹಾಲು ಕರೆಯುವ ಎಮ್ಮೆ, ಹಿತ್ತಲಲ್ಲಿ ಕೋಳಿ. ಅಂಥ ಮನೆಯಲ್ಲಿ ಒಂದು ಮಗು ತಿನ್ನಬೇಕಾದ್ದು ಸಿಗದೆ ಸತ್ತಿತು.

ಬೆಳಗ್ಗೆ ಗರಡಿಯಲ್ಲಿ ದಂಡ, ಬಸ್ಕಿ ಹೊಡೆದು, ಮೈಗೆಲ್ಲ ಕೆಮ್ಮಣ್ಣು ಮೆತ್ತಿಕೊಂಡು ಇವರು ಬರುವ ಹೊತ್ತಿಗೆ ನಾನು ಚೆಂಬು ತುಂಬ ಹಾಲು ಕಾಯಿಸಿ ಇಟ್ಟಿರಬೇಕು. ಅದಕ್ಕೆ ನೆನೆಸಿ ಅರೆದ ಬಾದಾಮಿ. ಪಕ್ಕದಲ್ಲಿ ಹಸಿ ಮೊಟ್ಟೆ, ನೆನೆಹಾಕಿದ ಕಡಲೆ. ಮಧ್ಯಾಹ್ನ ಮುದ್ದೆಯ ಮೇಲೆ ತುಪ್ಪ, ಸಂಜೆ ಮತ್ತೆ ಹಾಲು, ಸಂತೆಯ ದಿನ ಕುರಿಕಾಲಿನ ಸೂಪು. ಅರೆದೂ ಅರೆದೂ ನನ್ನ ರಟ್ಟೆಯೂ ಇವರ ರಟ್ಟೆಯಂತಾಗುತ್ತದೆ ಎಂದು ನಗುತ್ತಿದ್ದೆ. ಇಷ್ಟೆಲ್ಲ ಒಂದು ಮೈಗೆ ಬೇಕೇ ಎಂದು ಒಮ್ಮೆ ಕೇಳಿಯೂಬಿಟ್ಟೆ.

"ತಕ್ಕಡಿ ಹಿಡ್ದು ತಿನ್ನಕ್ಕೆ ಅವನೇನ್ ಯಾಪಾರಸ್ತನಾ?" ಎಂದರು ಮಾವ. "ಒಟ್ಟೇಲಿ ಜಾಗ ಇರೋಗಂಟ ತಿನ್ಬೇಕು ಕಣವ್ವ. ಪೈಲ್ವಾನ್ ತಿಂದಿದ್ದೆಲ್ಲ ತೋಳಿಗೇ ಓಯ್ತದೆ."

ಮಾವ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಈ ಕತೆ ನನಗೂ ಸುಲಭವಾಗುತ್ತಿತ್ತು. ತಮಗೆ ಗರಡಿಯ ಉಸ್ತಾದರು ಹೇಳಿದ್ದನ್ನು ಅವರು ಮಗನಿಗೆ ಹೇಳಿದರು, ಅಷ್ಟೆ. ಅದರಲ್ಲಿ ಒಂದು ಕಟ್ಟಳೆಯಿತ್ತು. ಕುಸ್ತಿಗೆ ಎದುರಾಳಿಯನ್ನು ಗೊತ್ತುಮಾಡುವುದಕ್ಕೆ ಜೋಡಿ ಕಟ್ಟುವುದು ಅನ್ನುತ್ತಾರೆ. ಜೋಡಿ ಕಟ್ಟಿದ ದಿನದಿಂದ ಕುಸ್ತಿ ಮುಗಿಯುವ ತನಕ ಮನೆಯ ಹಾಲು ಪೂರಾ ಪೈಲ್ವಾನನದು. ಬೇರೆಯವರ ಬಾಯಿಗೆ ಒಂದು ತೊಟ್ಟೂ ಹೋಗಕೂಡದು. "ಆಲು ಪಾಲಾದ್ರೆ ಬಲಾನೂ ಪಾಲಾಯ್ತದೆ" ಅನ್ನುವುದು ಮಾವನ ಮಾತು. ಆ ವರ್ಷ ಮದ್ದೂರಿನ ಕುಸ್ತಿಗೆ ಇವರ ಜೋಡಿ ಕಟ್ಟಿದಾಗ ಮಾವ ಎಮ್ಮೆಗೆ ಅರಿಸಿನ ಕುಂಕುಮ ಇಟ್ಟು ಕೈಮುಗಿದರು.

ಅದೇ ಹೊತ್ತಿಗೆ ನಾನು ಮತ್ತೆ ಬಸುರಿಯಾದೆ. ಬಸುರಿಯ ಹಾಲು ನಂಜು ಎಂದು ಅತ್ತೆ ನನ್ನ ಎದೆಗೆ ಬೇವಿನ ಸೊಪ್ಪು ಅರೆದು ಹಚ್ಚಿದರು. ಮಗಳು ಒಂದೆರಡು ದಿನ ಅತ್ತು ಬಿಟ್ಟುಬಿಟ್ಟಳು. ಎದೆಹಾಲು ಹೋಯಿತು, ಎಮ್ಮೆಹಾಲು ಅಪ್ಪನ ಪಾಲಾಗಿತ್ತು. ಉಳಿದದ್ದು ಅಂಬಲಿ, ಮುದ್ದೆ ಮತ್ತು ಕಟ್ಟು.

ನಮ್ಮ ಸೀಮೆಯ ಬಸ್ಸಾರು ಗೊತ್ತಿರುವವರಿಗೆ ಕಟ್ಟು ಗೊತ್ತು. ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ ನೀರು ಬಸಿಯುತ್ತೇವೆ. ಬಸಿದ ಆ ನೀರೇ ಕಟ್ಟು, ಅದಕ್ಕೆ ಖಾರ ಹಾಕಿದರೆ ಸಾರು. ಉಳಿದ ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ನಮ್ಮ ಮನೆಯಲ್ಲಿ ಪಲ್ಯವೆಲ್ಲ ಪೈಲ್ವಾನರ ತಟ್ಟೆಗೆ. ಖಾರ ಹಾಕುವ ಮೊದಲು ಅತ್ತೆ ಒಂದು ಬಟ್ಟಲು ಕಟ್ಟು ಎತ್ತಿಟ್ಟು, ಮುದ್ದೆ ಕಿವುಚಿ ಮೊಮ್ಮಗಳಿಗೆ ತಿನ್ನಿಸುತ್ತಿದ್ದರು. ನಾನು ನಾಲ್ಕು ಕಾಳು ಹಾಕಲು ಹೋದರೆ ಕೈ ಹಿಡಿದರು. "ಕಾಳಲ್ಲೇನದೆ ಕಣಮ್ಮಿ? ಬೆಂದ ಮ್ಯಾಕೆ ಬರೀ ಸಿಪ್ಪೆ, ಮಗೀಗೆ ಅರಗಾಕಿಲ್ಲ. ಕಸುವೆಲ್ಲ ಕಟ್ಟಲ್ಲೇ ಇರೋದು." ಒಳ್ಳೆಯದನ್ನು ಮೊಮ್ಮಗಳಿಗೆ ಕೊಟ್ಟು ಸಿಪ್ಪೆಯನ್ನು ಮಗನಿಗೆ ಹಾಕುತ್ತಿದ್ದೇನೆ ಎಂದೇ ಅವರು ನಂಬಿದ್ದರು. ನಾನೂ ನಂಬಿದೆ. ಕಟ್ಟು ಘಮಘಮ ಅನ್ನುತ್ತಿತ್ತು, ಬಟ್ಟಲು ತುಂಬ ಇರುತ್ತಿತ್ತು, ಮಗು ಕುಡಿಯುತ್ತಿತ್ತು.

ಕೆಲವು ತಿಂಗಳಲ್ಲಿ ಮಗಳ ಕೆನ್ನೆ ತುಂಬಿಕೊಂಡವು. ಮಣಿಕಟ್ಟು, ಪಾದ ಎಲ್ಲ ಗುಂಡಗಾದವು. ಕೇರಿಯ ಹೆಂಗಸರು ಎತ್ತಿಕೊಂಡು "ಅಪ್ಪನ ಮೈಕಟ್ಟೇ ಬಂದದೆ" ಅಂದರು. ಅತ್ತೆ ಹಿಗ್ಗಿ ದೃಷ್ಟಿ ತೆಗೆದು ಕಪ್ಪು ದಾರ ಕಟ್ಟಿದರು. ನನಗೆ ಮಾತ್ರ ಒಳಗೇ ಏನೋ ಇರಿಸುಮುರಿಸು. ಇಷ್ಟು ದುಂಡಗಿದ್ದ ಮಗು ಎದ್ದು ಓಡುತ್ತಿರಲಿಲ್ಲ. ಕೂತಲ್ಲೇ ಕೂತು ರಗಳೆ ತೆಗೆಯುತ್ತಿತ್ತು. ಕಪ್ಪಗಿದ್ದ ಕೂದಲು ಕೆಂಚಾಗಿ, ಬಾಚಿದರೆ ಕೈಗೇ ಬರುತ್ತಿತ್ತು. ಮೊಣಕಾಲ ಚರ್ಮ ಸಿಪ್ಪೆಯೇಳುತ್ತಿತ್ತು. ಬಿಸಿಲಿಗೆ ಅಂದರು. ಹುಳಕ್ಕೆ ಅಂದರು, ಮದ್ದು ಕುಡಿಸಿದೆವು.

ಒಂದು ಬೆಳಗ್ಗೆ ಕಾಲ್ಗೆಜ್ಜೆ ಬಿಗಿಯಾಗಿ ಅಳುತ್ತಿದ್ದಳು. ಬಿಚ್ಚಲು ಪಾದ ಅದುಮಿದೆ. ನನ್ನ ಹೆಬ್ಬೆಟ್ಟು ಎಲ್ಲಿ ಒತ್ತಿತ್ತೋ ಅಲ್ಲಿ ಗುಳಿ ಬಿತ್ತು. ಬೆರಳು ತೆಗೆದರೂ ಗುಳಿ ಹಾಗೇ ಇತ್ತು, ಕಲಸಿದ ಹಿಟ್ಟಿಗೆ ಬೆರಳಿಟ್ಟ ಹಾಗೆ. ನನ್ನ ಮಗಳ ಮೈ ತುಂಬಿದ್ದು ಮಾಂಸದಿಂದಲ್ಲ, ನೀರಿನಿಂದ ಅಂತ ಆ ಕ್ಷಣ ಗೊತ್ತಾಯಿತು.

ಗರಡಿಯಿಂದ ಬಂದವರ ಮುಂದೆ ಮಗುವಿನ ಪಾದ ಹಿಡಿದೆ. "ಒತ್ತಿ ನೋಡಿ" ಅಂದೆ. ಇವರು ಒತ್ತಿದರು. ಇವರ ಬೆರಳು ದಪ್ಪ, ಗುಳಿಯೂ ದೊಡ್ಡದಾಗಿ ಬಿತ್ತು. ಹಾಲು ಕುಡಿಯದೆ ಹೆಗಲಿಗೆ ಟವಲ್ಲು ಹಾಕಿಕೊಂಡು ಮಗುವನ್ನು ಎತ್ತಿಕೊಂಡರು. ಹನಕೆರೆಯಲ್ಲಿ ರೈಲು ಹತ್ತಿ ಮಂಡ್ಯದ ದೊಡ್ಡಾಸ್ಪತ್ರೆಗೆ ಹೋದೆವು.

ಡಾಕ್ಟರಮ್ಮ ಮಗುವನ್ನು ನೋಡಿ, ಏನು ತಿನ್ನಿಸುತ್ತೀರಿ ಎಂದು ಕೇಳಿದರು. ಅಂಬಲಿ, ಮುದ್ದೆ, ಕಟ್ಟು ಅಂದೆ. ಹಾಲು? ನಾನು ತಿರುಗಿ ಇವರ ಕಡೆ ನೋಡಿದೆ. ಡಾಕ್ಟರಮ್ಮನೂ ತಲೆಯೆತ್ತಿ ನನ್ನ ಹಿಂದೆ ಬಾಗಿಲು ತುಂಬ ನಿಂತಿದ್ದವರನ್ನು ನೋಡಿದರು. "ನೀವು ಏನು ತಿಂತೀರಿ?" ಎಂದರು. ಇವರು ಸುಳ್ಳು ಹೇಳಲು ಬಾರದವರು, ಒಂದೊಂದಾಗಿ ಹೇಳಿದರು.

ಡಾಕ್ಟರಮ್ಮ ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. "ಮೈ ಕಟ್ಟೋದು ಪ್ರೋಟೀನು. ಕಾಳಿನಲ್ಲಿ, ಹಾಲಿನಲ್ಲಿ, ಮೊಟ್ಟೆಯಲ್ಲಿ ಇರೋದು ಅದೇ. ಕಸರತ್ತು ಮಾಡೋರಿಗೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚು ಬೇಕು, ನಿಜ. ಆದರೆ ನೀವು ತಗೊಳ್ಳೋದರಲ್ಲಿ ಅರ್ಧ ಸಾಕು. ಅದಕ್ಕಿಂತ ಹೆಚ್ಚು ತಿಂದರೆ ತೋಳಿಗೆ ಹೋಗಲ್ಲ. ಸ್ವಲ್ಪ ಕೊಬ್ಬಾಗುತ್ತೆ, ಮಿಕ್ಕಿದ್ದು ಮೂತ್ರದಲ್ಲಿ ಹೋಗುತ್ತೆ. ಬಸಿದ ನೀರಿನಲ್ಲಿ ಪ್ರೋಟೀನು ಇರೋದು ಅಷ್ಟಕ್ಕಷ್ಟೇ. ಈ ಮಗುವಿಗೆ ಬೇಕಾಗಿದ್ದು ನಿಮ್ಮ ಪಾಲಿನಲ್ಲಿ ಒಂದು ಲೋಟ ಹಾಲು, ಒಂದು ಹಿಡಿ ಕಾಳು."

ಮೂತ್ರದಲ್ಲಿ ಹೋಗುತ್ತೆ. ಈಗಲೂ ಆ ಮಾತು ನೆನಪಾದರೆ ಏನನ್ನಾದರೂ ಎತ್ತಿ ಬಿಸಾಡಬೇಕು ಅನ್ನಿಸುತ್ತದೆ. ಕರೆದವಳು ನಾನು, ಕಾಯಿಸಿದವಳು ನಾನು. ಆ ಹಾಲು ಗರಡಿಯ ಹಿಂದಿನ ಬೇಲಿಗೆ ಹೋಗುತ್ತಿತ್ತು.

ಮಗುವನ್ನು ವಾರ್ಡಿಗೆ ಸೇರಿಸಿಕೊಂಡರು. ಒಮ್ಮೆಲೇ ಹೆಚ್ಚು ಕೊಡಬೇಡಿ, ತೆಳು ಹಾಲು ಚಮಚದಲ್ಲಿ ಸ್ವಲ್ಪ ಸ್ವಲ್ಪ ಕುಡಿಸಿ ಎಂದರು. ಚಮಚ ಇವರೇ ಹಿಡಿದರು. ಅಲ್ಲಿಯವರೆಗೆ ಒಂದು ತುತ್ತೂ ತಿನ್ನಿಸಿ ಗೊತ್ತಿರದ ಮನುಷ್ಯ, ಮಂಚದ ಪಕ್ಕ ಕುಕ್ಕರಗಾಲಿನಲ್ಲಿ ಕೂತು "ಒಂದ್ ಗುಟುಕು ಕಣವ್ವ, ನಿಂದೇ ಕಣವ್ವ" ಎಂದು ಬೇಡಿಕೊಳ್ಳುತ್ತಿದ್ದರು. ಮಗಳು ತುಟಿ ಬಿಗಿದು ಮುಖ ಆಚೆ ತಿರುಗಿಸುತ್ತಿದ್ದಳು. ಇದು ಹಸಿವನ್ನೇ ಕೊಲ್ಲುವ ಕಾಯಿಲೆ ಎಂದು ಡಾಕ್ಟರಮ್ಮ ಹೇಳಿದರು. ಬಾಯಿಗೆ ಹೋದದ್ದೂ ನಿಲ್ಲಲಿಲ್ಲ, ಭೇದಿ ಹತ್ತಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು ನಮ್ಮದು. ವಾರ ಕಳೆಯುವ ಮೊದಲೇ, ಒಂದು ಬೆಳಗಿನ ಹೊತ್ತು, ಅವಳು ಹೋದಳು. ಊತ ಇಳಿದ ಮುಖ ಒಂದು ಹಿಡಿಯಷ್ಟಿತ್ತು. ನನ್ನ ಮಗಳ ನಿಜವಾದ ಮುಖವನ್ನು ನಾನು ಅಷ್ಟು ದಿನದ ಮೇಲೆ ಕಂಡಿದ್ದು ಅಲ್ಲಿ.

ಅತ್ತೆ ಬಸ್ಸಾರು ಮಾಡುವುದನ್ನೇ ಬಿಟ್ಟರು. ಮಾವ ಜಗಲಿಯ ಮೇಲೆ ಕೂತು ಎದೆ ಬಡಿದುಕೊಂಡು ಅತ್ತರು. ಆ ಅಳು ಸುಳ್ಳಲ್ಲ. ಆದರೆ ಕಟ್ಟಿದ ಜೋಡಿ ಬಿಚ್ಚುವ ಹಾಗಿರಲಿಲ್ಲ, ಮಾತು ಕೊಟ್ಟಾಗಿತ್ತು. ಇವರು ಹಾಲು ಮುಟ್ಟಲಿಲ್ಲ, ಮೊಟ್ಟೆ ಮುಟ್ಟಲಿಲ್ಲ. ಇಟ್ಟ ಮುದ್ದೆಯನ್ನು ಉಪ್ಪುಸಾರಿನಲ್ಲಿ ನುಂಗಿ ಏಳುತ್ತಿದ್ದರು. ಹಾಗೇ ಮದ್ದೂರಿಗೆ ಹೋಗಿ ಕುಸ್ತಿಗೆ ಇಳಿದರು.

ಗೆದ್ದು ಬಂದರು. ಬೆವರು ಆರುವ ಮೊದಲೇ ಎದುರಾಳಿಯನ್ನು ಚಿತ್ ಮಾಡಿದರಂತೆ. ಕೊರಳಲ್ಲಿ ಹಾರ ಹಾಕಿಕೊಂಡೇ ಒಳಗೆ ಬಂದು ನನ್ನ ಮುಂದೆ ಕೂತರು.

"ಸೋತಿದ್ರೆ ಆಗಿತ್ತು ಕಣಮ್ಮಿ" ಅಂದರು. "ಆಲಿಲ್ದೆ ಸೋತೆ ಅನ್ಬೋದಿತ್ತು."

ನಾನು ಎದ್ದೆ. ಹಾರ ತೆಗೆದು ಎಮ್ಮೆಗೆ ಹಾಕಿದೆ, ಅದು ತಿಂದಿತು.

ಆಮೇಲೆ ಮಗ ಹುಟ್ಟಿದ. ಇವರು ಬೇರೆ ಏನನ್ನೂ ಕಲಿತವರಲ್ಲ, ಮತ್ತೆ ಗರಡಿಗೆ ಹೋದರು. ಮಗನಿಗೆ ಮಾತು ಬರುವ ಹೊತ್ತಿಗೆ ಮತ್ತೊಂದು ಜೋಡಿ ಕಟ್ಟಿದರು. ಮಾವನ ಬಾಯಲ್ಲಿ ಹಳೆಯ ಕಟ್ಟಳೆ ಮತ್ತೆ ಬಂತು. ನಾನು ಈ ಸಲ ಹೆದರಲಿಲ್ಲ, ಕದ್ದಾದರೂ ಮಗನಿಗೆ ಹಾಲು ಕುಡಿಸುತ್ತೇನೆ, ಜಗಳವಾದರೆ ಆಗಲಿ ಎಂದು ಸೆರಗು ಸಿಕ್ಕಿಸಿ ನಿಂತಿದ್ದೆ. ಆ ಜಗಳದ ಮಾತುಗಳನ್ನೆಲ್ಲ ಎಷ್ಟೋ ದಿನದಿಂದ ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡಿದ್ದೆ.

ಜಗಳವೇ ಆಗಲಿಲ್ಲ. ಒಂದು ಬೆಳಗ್ಗೆ ಮಾವ ತಾವೇ ಅಡಿಗೆಮನೆಗೆ ಬಂದು, ಪೈಲ್ವಾನರ ಚೆಂಬಿನಿಂದ ಲೋಟಕ್ಕೆ ಹಾಲು ಬಗ್ಗಿಸಿ, ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಾಯಿಗೆ ಹಿಡಿದರು. ಬುದ್ಧಿ ಬಂತಲ್ಲ ಎಂದು ನನ್ನ ಕಣ್ಣು ತುಂಬಿತು. ಆದರೂ ಕೇಳದೆ ಇರಲಾಗಲಿಲ್ಲ.

"ಪಾಲಾಗಲ್ವಾ, ಮಾವ?"

"ಗಂಡ್ಮಗ ಕಣವ್ವ" ಎಂದರು ಮಾವ, ಮಗುವಿನ ತಲೆ ಸವರುತ್ತ, ತುಂಬ ಅಕ್ಕರೆಯಿಂದ. "ನಾಳೆ ಗರಡಿಗೆ ಇಳಿಯೋನು. ಅವನ್ ಕುಡುದ್ರೆ ಪಾಲೆಂಗಾಯ್ತದೆ?"

ಮಗ ಕುಡಿದು ಮುಗಿಸಿ ಇನ್ನೂ ಬೇಕು ಅಂದ. ಮಾವ ಇನ್ನಷ್ಟು ಬಗ್ಗಿಸಿದರು.