ಗಟ್ಟಿಮೇಳಕ್ಕೆ ಇಂಗ್ಲಿಷ್ ಡ್ರಮ್ಮು

ಇದೆಲ್ಲ ನಾನು ಹೇಳುವ ಹಾಗೆಯೇ ನಡೆಯಿತೆಂದು ಆಣೆಯಿಟ್ಟು ಹೇಳಲಾರೆ. ಮೊನ್ನೆ ಮಂಡ್ಯದ ಪೇಟೆಬೀದಿಯ ಮೂಲೆಯಲ್ಲಿ ಇಬ್ಬರು ಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಿದ್ದರು. ಬಿಸಿ ಚರ್ಮದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಫಿಟ್ಟರು ನೆನಪಾದರು. ಅಂಗಿಯ ತೋಳು ಮಡಿಸಿ, ನಾಲಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು... ಅಂಗಿ ಖಾಕಿಯೋ ಬಿಳಿಯೋ ಎಂದು ಕೇಳಿದರೆ ಗೊತ್ತಿಲ್ಲ.

ಮೂವತ್ತರ ದಶಕದ ಕೊನೆಯ ವರ್ಷಗಳು. ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದ ನಾನು ಶಿವನಸಮುದ್ರದ ಕರೆಂಟಿನ ಕೇಂದ್ರದಲ್ಲಿ ಗುಮಾಸ್ತನಾಗಿದ್ದೆ. ಅವರು ಅಲ್ಲೇ ಯಂತ್ರಗಳ ಫಿಟ್ಟರು. ನಮ್ಮ ಎರಡು ಮನೆಗಳಿಗೂ ನಡುವೆ ಒಂದೇ ಗೋಡೆ. ದೊಡ್ಡ ಅಧಿಕಾರಿಗಳು ಸಂಜೆ ಸೇರುತ್ತಿದ್ದ ಬಂಗಲೆಯಲ್ಲಿ ಒಂದು ಡ್ರಮ್ ಸೆಟ್ ಇತ್ತು. ಬಾರಿಸುತ್ತಿದ್ದ ದೊರೆ ತನ್ನ ದೇಶಕ್ಕೆ ಹೊರಟುಹೋದ ಮೇಲೆ ಅದು ಹಿಂದಿನ ಕೋಣೆಯಲ್ಲಿ ಧೂಳು ಹಿಡಿದು ಕೂತಿತ್ತು. ಕಾಲಲ್ಲಿ ಒತ್ತುವ ಅದರ ಕೀಲನ್ನು ರಿಪೇರಿ ಮಾಡಿಕೊಟ್ಟ ಫಿಟ್ಟರು, ಭಾನುವಾರ ಬಾರಿಸಿ ಕಲಿಯಲು ಅಪ್ಪಣೆ ಪಡೆದುಕೊಂಡರು.

ಗುರು ಎಂದರೆ ಬಂಗಲೆಯ ಗ್ರಾಮಫೋನೇ. ಹಾಡು ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಉಸಿರೆಳೆದುಕೊಳ್ಳುವ ಸಂದಿನಲ್ಲಿ ಡ್ರಮ್ಮು ಎಲ್ಲ ಚರ್ಮಗಳ ಮೇಲೂ ಒಂದು ಸುತ್ತು ಓಡಿ, ತಾಳಕ್ಕೆ ಸರಿಯಾಗಿ ವಾಪಸು ಬಂದು ನಿಲ್ಲುತ್ತಿತ್ತು. ಫಿಟ್ಟರಿಗೆ ಹುಚ್ಚು ಹಿಡಿಸಿದ್ದು ಅದೊಂದೇ. ಅದಕ್ಕೆ ಅವರು ‘ಭರ್ತಿ’ ಎನ್ನುತ್ತಿದ್ದರು. ಅವರ ಓಟವೇನೋ ಚೆನ್ನಾಗಿತ್ತು. ವಾಪಸು ಬರುವುದು ಮಾತ್ರ ಯಾವಾಗಲೂ ತಡ. ಕೈ ನೋಡಿಕೊಳ್ಳದೆ ಬಾರಿಸಲು ಅವರಿಗೆ ಬರುತ್ತಲೇ ಇರಲಿಲ್ಲ. ಕೈ ನೋಡುತ್ತ ನೋಡುತ್ತ ಕಾಲು ಮರೆಯುತ್ತಿದ್ದರು. ತಾಳ ಹಾಕಲು ನನ್ನನ್ನು ಎದುರಿಗೆ ಕೂರಿಸಿಕೊಂಡರು. ಕ್ರಮೇಣ ನನಗೂ ಆಸೆ ಹುಟ್ಟಿ ಕಡ್ಡಿ ಹಿಡಿದೆ. ನನ್ನ ಮೊದಲ ಭರ್ತಿ ಕೇಳಿ ಅವರು ಗಂಭೀರವಾಗಿ ತಲೆಯಾಡಿಸಿದರು.

“ಮೆಟ್ಲ ಮ್ಯಾಲಿಂದ ಕೊಡ ಉಳ್ಳುದಂಗಾಯ್ತು ಸ್ವಾಮಿ. ಆದ್ರೂ ಕೆಳಕ್ಕೆ ಬಂದು ನಿಂತ್ಕತಲ್ಲ ಬುಡಿ, ನಂದು ಅದೂ ಇಲ್ಲ.”

ಫಿಟ್ಟರಿಗೆ ತಂದೆತಾಯಿ ಇರಲಿಲ್ಲ. ಒಬ್ಬಳೇ ತಂಗಿ ಹಲಗೂರಿನ ಹತ್ತಿರದ ಹಳ್ಳಿಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದಳು. ಆ ಹುಡುಗಿಗೆ ಸಾಂಬ್ರಾಣಿ ಹೊಗೆ ತಾಕಿದರೆ ಸೀನು ಬರುತ್ತಿತ್ತು. ಹಿಂದಿನ ವರ್ಷ ಅವಳ ನಿಶ್ಚಿತಾರ್ಥದಲ್ಲಿ ತಾಂಬೂಲ ಬದಲಾಯಿಸುವ ಹೊತ್ತಿಗೆ ಸರಿಯಾಗಿ ಸೀನಿಬಿಟ್ಟಿದ್ದಳು. ಗಂಡಿನ ಕಡೆಯವರು ಅಪಶಕುನವೆಂದು ತಟ್ಟೆ ಬಿಟ್ಟು ಎದ್ದು ಹೋಗಿದ್ದರು. ಈಗ ಮಳವಳ್ಳಿಯ ಕಡೆಯಿಂದ ಇನ್ನೊಂದು ಸಂಬಂಧ ಕೂಡಿ ಬಂದಿತ್ತು. ಇದೂ ಮುರಿದರೆ ಮತ್ತೊಂದು ಬರುವುದಿಲ್ಲವೆಂದು ಮನೆಯವರಿಗೆಲ್ಲ ಗೊತ್ತಿತ್ತು. ಸೀನಿಗೂ ಶಕುನಕ್ಕೂ ಏನೇನೂ ಸಂಬಂಧವಿಲ್ಲವೆಂದು ನಾನು ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಸೇರಿಸಿ ಫಿಟ್ಟರಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ನೀವು ನಂಬಬ್ಯಾಡಿ ಸ್ವಾಮಿ. ಅವರು ನಂಬ್ತಾರಲ್ಲ. ನನ್ ತಂಗಿ ಬಾಳಬೇಕಾಗಿರಾದು ಅವರ ಮನೇಲಿ.”

ಅವರು ನಂಬಿದ್ದು ಗಟ್ಟಿಮೇಳವನ್ನು. ತಾಳಿ ಕಟ್ಟುವಾಗ ಕೆಟ್ಟ ಸದ್ದು ಯಾರ ಕಿವಿಗೂ ಬೀಳಬಾರದೆಂದೇ ತಾನೆ ವಾಲಗದವರು ಅಷ್ಟು ಜೋರಾಗಿ ಬಾರಿಸುವುದು? ಫಿಟ್ಟರು ಮದ್ದೂರಿಗೆ ತಾವೇ ಹೋಗಿ, ಎಲ್ಲರಿಗಿಂತ ಗಟ್ಟಿ ಕೈಯ ಡೋಲಿನವನನ್ನು ಹುಡುಕಿ ಗೊತ್ತು ಮಾಡಿ ಬಂದರು. ಸಂಜೆಯ ಮೆರವಣಿಗೆಗೆ ಇರಲಿ ಎಂದು ಬಂಗಲೆಯವರನ್ನು ಕೇಳಿ ಡ್ರಮ್ ಸೆಟ್ಟನ್ನೂ ಗಾಡಿಯಲ್ಲಿ ಹೇರಿಸಿದರು.

ಮದುವೆಯ ಬೆಳಿಗ್ಗೆ ಸೈಕಲ್ಲಿನವನೊಬ್ಬ ಬಂದು, ವಾಲಗದವರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆ ಎಂದ. ಮುಹೂರ್ತ ಹತ್ತಿರವಾಗಿತ್ತು. ಚಪ್ಪರದ ತುಂಬ ಆಗಲೇ ಸಾಂಬ್ರಾಣಿ ಹೊಗೆ. ಫಿಟ್ಟರು ಮೂಲೆಗೆ ಹೋಗಿ ಡ್ರಮ್ಮಿನ ಮೇಲಿನ ಗೋಣಿ ತೆಗೆದರು.

ಗಂಡಿನ ಸೋದರಮಾವ ನಕ್ಕ. “ಇದೇನ್ಲಾ ಇದು, ಇಂಗ್ಲಿಸ್ ಡೋಲು ಬಡುದು ತಾಳಿ ಕಟ್ಸೀರಾ?”

ಸದ್ದಾದರೆ ಸಾಕು, ಹೊತ್ತು ಮೀರುತ್ತದೆ ಎಂದು ಪುರೋಹಿತರು ಗದರಿದರು. ಇಬ್ಬನಿಗೆ ಚರ್ಮ ಸಡಿಲಾಗಿತ್ತು. ನಾವಿಬ್ಬರೂ ಅಡಿಗೆಯವರ ಕೆಂಡದ ಬಾಂಡಲಿಯ ಮೇಲೆ ಹಿಡಿದು ಕಾಯಿಸಿದೆವು. ಮೊನ್ನೆ ಮೂಗಿಗೆ ಬಡಿದದ್ದು ಇದೇ ವಾಸನೆ. ಕಾಲಿನ ಕೀಲು ಗಾಡಿಯಲ್ಲಿ ಬಾಗಿಹೋಗಿದ್ದರಿಂದ ದೊಡ್ಡ ಡ್ರಮ್ಮನ್ನು ನಾನು ಕೈಯಲ್ಲೇ ಬಾರಿಸಬೇಕಾಯಿತು.

ಪುರೋಹಿತರು ಕೈಯೆತ್ತಿದರು. ಫಿಟ್ಟರಿಗೆ ಬರುತ್ತಿದ್ದದ್ದು ಭರ್ತಿಯೊಂದೇ, ಅದು ಎಷ್ಟು ಹೊತ್ತು ತಾನೆ ಇರುತ್ತದೆ? ಮದುವೆ ಗಂಡಿನ ಕೈಯಿಂದ ತಾಳಿಯ ಗಂಟು ಜಾರಿತು. ಅವನ ಅಕ್ಕ ನೆರವಿಗೆ ಬಂದಳು. ಫಿಟ್ಟರು ನಿಲ್ಲಿಸಲೇ ಇಲ್ಲ. ಒಂದು ಭರ್ತಿಯ ಬಾಲಕ್ಕೆ ಇನ್ನೊಂದನ್ನು ಕಟ್ಟಿ, ಅದರ ಬಾಲಕ್ಕೆ ಮತ್ತೊಂದು... ನಾನು ಕಣ್ಣು ಮುಚ್ಚಿ ದೊಡ್ಡದನ್ನು ಬಡಿಯುತ್ತಿದ್ದೆನೆಂದು ಕಾಣುತ್ತದೆ. ನಡುವೆ ಒಮ್ಮೆ ಕಣ್ಣು ಬಿಟ್ಟಾಗ ಹುಡುಗಿಯ ತಲೆ ಬಾಗಿ ಭುಜ ಅದುರಿದ ಹಾಗಿತ್ತು. ಅದೇ ಕ್ಷಣಕ್ಕೆ ಡ್ರಮ್ ಸೆಟ್ಟಿನ ಕಂಚಿನ ತಟ್ಟೆ ಝಲ್ಲೆಂದಿತು. ಅಥವಾ ಹಾಗೆ ಆಗಿರಲಿ ಎಂದು ಆಮೇಲೆ ನಾನೇ ಜೋಡಿಸಿಕೊಂಡೆನೋ.

ಅಕ್ಷತೆ ಬಿತ್ತು. ಯಾರೂ ಎದ್ದು ಹೋಗಲಿಲ್ಲ. ಎದ್ದು ಓಡಿದವನು ಸೋದರಮಾವನೊಬ್ಬನೇ, ಅದೂ ಸದ್ದಿಗೆ ಬೆದರಿ ಹಗ್ಗ ಕಿತ್ತುಕೊಂಡು ಹೋದ ತನ್ನ ಎತ್ತಿನ ಹಿಂದೆ. ಏದುಸಿರು ಬಿಡುತ್ತ ವಾಪಸು ಬಂದು, ಇಂಥ ಗಟ್ಟಿಮೇಳ ತನ್ನ ಮದುವೆಯಲ್ಲೂ ಆಗಿರಲಿಲ್ಲವೆಂದು ಒಪ್ಪಿಕೊಂಡ. ಫಿಟ್ಟರು ಚಪ್ಪರದ ಕಂಬಕ್ಕೆ ಒರಗಿ ಒಂದು ಚೊಂಬು ನೀರು ಗಟಗಟ ಕುಡಿದರು. ಅಷ್ಟು ಹಗುರಾದ ಮುಖವನ್ನು ನಾನು ಆಮೇಲೆ ಹೆಚ್ಚು ನೋಡಿಲ್ಲ.

ಅವಳು ಸೀನಿದಳೇ ಎಂದು ಅವರನ್ನು ಕೇಳಲೇ ಇಲ್ಲ. ನನಗೆ ವರ್ಗವಾಯಿತು. ಅವರು ತೀರಿಕೊಂಡ ಸುದ್ದಿ ತಲುಪಿದಾಗ ತಿಥಿಯೂ ಮುಗಿದಿತ್ತು. ಗೋಡೆಯ ಆಚೆ ಬೆರಳಲ್ಲಿ ಮಣೆ ತಟ್ಟಿ ಭರ್ತಿ ಕಲಿಯುತ್ತಿದ್ದ ಆ ಮನುಷ್ಯ ಇನ್ನು ಇಲ್ಲ ಎಂಬುದು ಮಾತ್ರ ಅನುಮಾನವಿಲ್ಲದ ಸಂಗತಿ.

ತಮಟೆಯ ವಾಸನೆ ಬಡಿದ ಮಾರನೆಯ ದಿನ ಬಸ್ಸು ಹತ್ತಿ ಮಳವಳ್ಳಿಗೆ ಹೋದೆ. ಆ ತಂಗಿ ಈಗ ಮೊಮ್ಮಕ್ಕಳ ಅಜ್ಜಿ. ಜಗಲಿಯ ಮೇಲೆ ಕೂತು ಅವರೆಕಾಳು ಸುಲಿಯುತ್ತಿದ್ದರು. ಕೇಳಿದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

“ಸೀನಿದ್ದೆ ಕಣಣ್ಣ. ಒಂದಲ್ಲ, ಎರಡು. ನಮ್ಮಣ್ಣ ಅವತ್ತು ಕೈ ಎಲ್ಲಿ ನೋಡ್ಕಂಡ? ನನ್ ಮೂಗ್ನೇ ನೋಡ್ತಾ ಬಾರಿಸ್ದ.”